ನೂರು ಸಹಿಗಳ ಶಿಬಿರ

ರಜೆಯಲ್ಲಿ ಯಾವುದೋ ಶಿಬಿರಕ್ಕೆಂದು ಹೋಗಿ ಹತ್ತು ದಿನ ಕಳೆದು ಮನೆಗೆ ಬಂದ ಮಗ ಮೊದಲಿನ ಹಾಗಿರುವುದಿಲ್ಲ. ಸಾರಿಗೆ ಉಪ್ಪು ಸಾಲದೆಂದು ರೇಗುವುದಿಲ್ಲ. ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಾನೆ. ಅಮ್ಮನಿಗೆ ಅಲ್ಲಿಗೇ ಅನುಮಾನ ಶುರುವಾಗುತ್ತದೆ. ಎರಡು ದಿನ ಬಿಟ್ಟು ಅವನು ಅಪ್ಪನ ಮುಂದೆ ನಿಂತು, "ಅಪ್ಪಾ, ನಾನು ಇಂಜಿನಿಯರಿಂಗಿಗೆ ಸೇರೋದಿಲ್ಲ, ಬೇರೆ ಏನೋ ಮಾಡಬೇಕೂಂತ ಇದ್ದೀನಿ" ಎನ್ನುತ್ತಾನೆ. ಅಪ್ಪ ಓದುತ್ತಿದ್ದ ಪೇಪರನ್ನು ಮಡಿಸಿ ಪಕ್ಕಕ್ಕಿಡುತ್ತಾರೆ. ಅಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಯಾರಪ್ಪಾ ನಿನ್ನ ತಲೆ ಕೆಡಿಸಿದೋರು?" ಎಂಬುದು ಎಲ್ಲ ಮನೆಗಳಲ್ಲೂ ಕೇಳಿಬರುವ ಮೊದಲ ಪ್ರಶ್ನೆ.

ಈ ಪ್ರಶ್ನೆ ನಮ್ಮ ಮನೆಗಳದ್ದು ಮಾತ್ರವಲ್ಲ, ನಮ್ಮ ಕಾಲದ್ದೂ ಅಲ್ಲ. 1886ರ ಬೇಸಿಗೆಯಲ್ಲಿ ಅಮೆರಿಕದ ಒಂದು ಶಿಬಿರ ಮುಗಿದಾಗ ನೂರು ಮಂದಿ ಕಾಲೇಜು ಹುಡುಗರು ಒಂದೇ ಸಲಕ್ಕೆ ಹೀಗೆ ಮನೆಯವರ ಮುಂದೆ ನಿಂತರು. ಅವರು ಹೋಗುತ್ತೇವೆಂದದ್ದು ಪಕ್ಕದ ಜಿಲ್ಲೆಗಲ್ಲ. ಚೀನಾ, ಜಪಾನ್, ಪರ್ಷಿಯಾ, ಇಂಡಿಯಾ. ವರ್ಷ ಎರಡು ವರ್ಷಕ್ಕೂ ಅಲ್ಲ, ಜೀವಮಾನಕ್ಕೆ. ಕ್ರೈಸ್ತ ಧರ್ಮ ಪ್ರಚಾರಕ್ಕಾಗಿ ವಿದ್ಯಾರ್ಥಿಗಳು ಸೇರುವ ಸಮ್ಮೇಳನಗಳು ಈಗಲೂ ಅಮೆರಿಕದಲ್ಲಿ ದೊಡ್ಡ ಕ್ರೀಡಾಂಗಣಗಳಲ್ಲಿ ಸಾವಿರಗಟ್ಟಲೆ ಜನರನ್ನು ಸೇರಿಸಿ ನಡೆಯುತ್ತವೆ. ಅವುಗಳ ವಂಶಾವಳಿಯನ್ನು ಹುಡುಕಿಕೊಂಡು ಹೊರಟರೆ ತಲುಪುವುದು ಮ್ಯಾಸಚೂಸೆಟ್ಸ್ ರಾಜ್ಯದ ಮೌಂಟ್ ಹರ್ಮನ್ ಎಂಬ ಈ ಜಾಗಕ್ಕೆ.

ಕನೆಕ್ಟಿಕಟ್ ನದಿಯ ದಂಡೆಯ ಗುಡ್ಡದ ಮೇಲೆ ಡ್ವೈಟ್ ಮೂಡಿ ಎಂಬ ಪ್ರಖ್ಯಾತ ಧರ್ಮಬೋಧಕ 1881ರಲ್ಲಿ ಬಡ ಹುಡುಗರಿಗಾಗಿ ಒಂದು ಶಾಲೆ ತೆರೆದಿದ್ದ. ನದಿಯಾಚೆ ನಾರ್ತ್‌ಫೀಲ್ಡ್‌ನಲ್ಲಿ ಅದಕ್ಕೂ ಎರಡು ವರ್ಷ ಮೊದಲೇ ಹುಡುಗಿಯರಿಗೊಂದು ಶಾಲೆ ಮಾಡಿದ್ದ. ಮೂಡಿ ಸ್ವತಃ ಹೆಚ್ಚು ಓದಿದವನಲ್ಲ. ನಾಲ್ಕನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಹದಿನೇಳಕ್ಕೆ ಬಾಸ್ಟನ್‌ನಲ್ಲಿ ಸೋದರಮಾವನ ಬೂಟಿನ ಅಂಗಡಿ ಸೇರಿದವನು. ಅವನ ಇಂಗ್ಲಿಷಿನಲ್ಲಿ ವ್ಯಾಕರಣ ಆಗಾಗ ಕಾಲು ಜಾರುತ್ತಿತ್ತಂತೆ. ಕಾಲೇಜು ಹುಡುಗರೆಂದರೆ ಅವನಿಗೆ ಒಳಗೊಳಗೇ ಅಳುಕು. ಕಾಲೇಜುಗಳಲ್ಲಿ ವೈ.ಎಂ.ಸಿ.ಎ. ಸಂಘಟಿಸುತ್ತಿದ್ದ ಲೂಥರ್ ವಿಷರ್ಡ್ ಎಂಬಾತ ಬೆನ್ನು ಹತ್ತಿ ಒಪ್ಪಿಸಿದ ಮೇಲೆಯೇ ಶಾಲೆಯ ರಜಾದಿನಗಳಲ್ಲಿ ಸುಮಾರು ಒಂದು ತಿಂಗಳ ಶಿಬಿರಕ್ಕೆ ಜಾಗ ಕೊಟ್ಟ. ಎಂಬತ್ತಕ್ಕೂ ಹೆಚ್ಚು ಕಾಲೇಜುಗಳಿಂದ ಸುಮಾರು 250 ಹುಡುಗರು ಬಂದರು. ಹುಡುಗರೇ. ಹುಡುಗಿಯರಿಗೆ ಕರೆ ಇರಲಿಲ್ಲ. ಈ ವಿಷಯ ಮುಂದೆ ಬೇಕಾಗುತ್ತದೆ.

ದಿನಚರಿ ಬಹಳ ಬಿಗಿಯಾಗಿರಲಿಲ್ಲ. ಬೆಳಿಗ್ಗೆ ಬೈಬಲ್ ಪಾಠ, ಪ್ರಶ್ನೋತ್ತರ. ಮಧ್ಯಾಹ್ನ ಪೂರ್ತಿ ಬಿಡುವು. ಟೆನಿಸ್, ಬೇಸ್‌ಬಾಲ್, ನದಿಯಲ್ಲಿ ಈಜು, ಗುಡ್ಡಗಳ ಮೇಲೆ ಅಲೆದಾಟ. ಸಂಜೆ ಮತ್ತೆ ಸಭೆ. ಮಧ್ಯಾಹ್ನ ಹುಡುಗರನ್ನು ಅವರ ಪಾಡಿಗೆ ಬಿಟ್ಟದ್ದು ಮೂಡಿಯ ದೊಡ್ಡ ಜಾಣತನ. ಶಾಲೆ ನಡೆಸಿದವರಿಗೆ ಗೊತ್ತು, ಮಕ್ಕಳು ಪಾಠ ಕೇಳುವುದು ತರಗತಿಯಲ್ಲಿ, ಅದನ್ನು ಅರಗಿಸಿಕೊಳ್ಳುವುದು ಆಟದ ಬಯಲಿನಲ್ಲಿ. ಅಲ್ಲಿಯೂ ಆದದ್ದು ಹಾಗೆಯೇ. ಪರದೇಶಕ್ಕೆ ಹೋಗುವ ವಿಷಯ ಮೊದಲಿಗೆ ಕಾರ್ಯಕ್ರಮ ಪಟ್ಟಿಯಲ್ಲಿ ಇರಲೇ ಇಲ್ಲವೆನ್ನಬೇಕು. ಹೆಚ್ಚುಕಡಿಮೆ ಎರಡು ವಾರ ವೇದಿಕೆಯ ಮೇಲೆ ಅದರ ಸುದ್ದಿಯಿಲ್ಲ. ಅದು ಹಬ್ಬಿದ್ದು ಮರದ ನೆರಳಿನಲ್ಲಿ, ಒಬ್ಬನ ಕಿವಿಯಿಂದ ಇನ್ನೊಬ್ಬನ ಕಿವಿಗೆ. ಹಬ್ಬಿಸುತ್ತಿದ್ದವನು ಆಗತಾನೇ ಪ್ರಿನ್ಸ್‌ಟನ್‌ನಲ್ಲಿ ಪದವಿ ಮುಗಿಸಿ ಬಂದಿದ್ದ ರಾಬರ್ಟ್ ವೈಲ್ಡರ್.

ಈ ರಾಬರ್ಟ್ ಹುಟ್ಟಿದ್ದು ನಮ್ಮ ನಿಪ್ಪಾಣಿಯಿಂದಾಚೆಗಿನ ಕೊಲ್ಹಾಪುರದಲ್ಲಿ, 1863ರಲ್ಲಿ. ಮಹಾಲಕ್ಷ್ಮಿಯ ದರ್ಶನಕ್ಕೆಂದು ಬೆಳಗಾವಿ, ಧಾರವಾಡದ ಕಡೆಯಿಂದ ಜನ ಹೋಗಿಬರುತ್ತಾರಲ್ಲ, ಅದೇ ಊರು. ತಂದೆ ರಾಯಲ್ ವೈಲ್ಡರ್ 1852ರಿಂದ ಅಲ್ಲಿ ಮಿಷನರಿಯಾಗಿದ್ದವರು. ಆರೋಗ್ಯ ಕೆಟ್ಟದ್ದರಿಂದ 1870ರ ದಶಕದಲ್ಲಿ ಸಂಸಾರದೊಂದಿಗೆ ಅಮೆರಿಕಕ್ಕೆ ಮರಳಿ ಪ್ರಿನ್ಸ್‌ಟನ್‌ನಲ್ಲಿ ನೆಲೆಸಿದ್ದರು. ಅಂದರೆ ಹುಡುಗನಿಗೆ ಇಂಡಿಯಾ ಎಂದರೆ ಭೂಪಟದ ಮೇಲಿನ ಬಣ್ಣವಲ್ಲ. ಹುಟ್ಟಿ ಬೆಳೆದ ಮನೆ. ಅವನಿಗೆ ಗ್ರೇಸ್ ಎಂಬ ಅಕ್ಕ ಇದ್ದಳು. ಮೌಂಟ್ ಹೋಲಿಯೋಕ್ ಎಂಬ ಹೆಣ್ಣುಮಕ್ಕಳ ವಿದ್ಯಾಲಯದಲ್ಲಿ ಓದುವಾಗಲೇ ಅವಳೂ ಗೆಳತಿಯರೂ ಒಂದು ಪತ್ರಕ್ಕೆ ಸಹಿ ಹಾಕಿದ್ದರು: ದೇವರ ಕೆಲಸಕ್ಕೆ ಪರದೇಶಕ್ಕಾದರೂ ಹೋಗಲು ತಾವು ಸಿದ್ಧ ಎಂದು. ಮುಂದೆ ಹುಡುಗರು ಸಹಿ ಹಾಕಿದ ಪ್ರತಿಜ್ಞೆಯ ಒಕ್ಕಣೆ ಹೆಚ್ಚುಕಡಿಮೆ ಅಂಥದೇ. ಶಿಬಿರಕ್ಕೆ ಹೊರಡುವ ಮುನ್ನ ಅಕ್ಕ ತಮ್ಮ ಇಬ್ಬರೂ ಮನೆಯಲ್ಲಿ ಪ್ರಾರ್ಥನೆಗೆ ಕೂರುತ್ತಿದ್ದರು. ಅಲ್ಲಿಂದ ನೂರು ಮಂದಿ ಎದ್ದು ಬರುತ್ತಾರೆಂದು ಹೇಳಿ ತಮ್ಮನನ್ನು ಕಳಿಸಿದವಳು ಅಕ್ಕ. ತಾನು ಹೋಗುವಂತಿರಲಿಲ್ಲವಲ್ಲ.

ರಾಬರ್ಟ್ ಶಿಬಿರದಲ್ಲಿ ಹುಡುಕಿದಾಗ ಈ ವಿಚಾರದವರು ಇಪ್ಪತ್ತೊಂದು ಮಂದಿ ಸಿಕ್ಕಿದರು. ಅವರು ದಿನವೂ ಸೇರತೊಡಗಿದರು. ಬೋಧಕರಲ್ಲಿ ಒಬ್ಬರಾದ ಎ. ಟಿ. ಪಿಯರ್ಸನ್ ಅವರನ್ನು ಹಿಡಿದು ಜುಲೈ 16ರ ಸಂಜೆ ಇದೇ ವಿಷಯದ ಮೇಲೆ ಮಾತಾಡಿಸಿದರು. ಪಿಯರ್ಸನ್ ಲೆಕ್ಕಾಚಾರದ ಮನುಷ್ಯ. ಕ್ರೈಸ್ತರು ಇಷ್ಟು ಕೋಟಿ, ಒಬ್ಬೊಬ್ಬರು ಇಷ್ಟಿಷ್ಟು ಜನಕ್ಕೆ ತಲುಪಿಸಿದರೆ, ಶತಮಾನ ಮುಗಿಯುವುದರೊಳಗೆ ಭೂಮಿಯ ಮೇಲೆ ಏಸುವಿನ ಹೆಸರು ಕೇಳದವರೇ ಇರುವುದಿಲ್ಲ ಎಂಬುದು ಆತನ ನಂಬಿಕೆ. ಭೌತಶಾಸ್ತ್ರದ ಪಠ್ಯದಲ್ಲಿ ಇಳಿಜಾರಿನ ಮೇಲೆ ಜಾರುವ ಗುಂಡಿನ ಲೆಕ್ಕ ಕೊಡುವಾಗ "ಘರ್ಷಣೆಯನ್ನು ನಗಣ್ಯವೆಂದು ಭಾವಿಸಿ" ಎಂದು ಬರೆದಿರುತ್ತಾರೆ. ಇದೂ ಅಂಥ ಲೆಕ್ಕವೇ. ಆಚೆ ತುದಿಯಲ್ಲಿರುವವರಿಗೆ ತಮ್ಮದೇ ದೇವರು, ತಮ್ಮದೇ ಪೂಜೆ, ತಮ್ಮದೇ ವಾದ ಇರಬಹುದೆಂಬುದು ಅದರಲ್ಲಿ ಎಲ್ಲಿಯೂ ಬರುವುದಿಲ್ಲ.

ಇರಲಿ. ಹುಡುಗರ ಮನಸ್ಸನ್ನು ತಿರುಗಿಸಿದ ದಿನ ಅದಲ್ಲ, ಅದರ ಮುಂದಿನ ವಾರದ ಒಂದು ದಿನ. ಆ ದಿನವೂ ಎಂದಿನಂತೆ ಬೆಳಿಗ್ಗೆ ಪಾಠ, ಮಧ್ಯಾಹ್ನ ಬಿಡುವು. ಅಲ್ಲಿನ ಅಕ್ಷಾಂಶ ನಲವತ್ತೆರಡು ಡಿಗ್ರಿಗೂ ಮೇಲೆ. ಜುಲೈ ತಿಂಗಳಿನಲ್ಲಿ ಸೂರ್ಯ ಮುಳುಗುವುದು ತಡ, ಮುಳುಗಿದ ಮೇಲೂ ಸಂಜೆಬೆಳಕು ನಮ್ಮಲ್ಲಿಯ ಹಾಗೆ ಪಕ್ಕನೆ ಆರಿಹೋಗುವುದಿಲ್ಲ. ಅಂಥ ಸಂಜೆಯಲ್ಲಿ ಹುಡುಗರು ಸಭೆ ಸೇರಿದರು. ಅಂದಿನ ಕಾರ್ಯಕ್ರಮಕ್ಕೆ ಆಮೇಲೆ "ಹತ್ತು ದೇಶಗಳ ಸಭೆ" ಎಂಬ ಹೆಸರೇ ನಿಂತಿತು. ಹತ್ತು ಮಂದಿ, ಒಬ್ಬೊಬ್ಬರಿಗೆ ಮೂರು ನಿಮಿಷ. ತನ್ನ ದೇಶಕ್ಕೆ ಏನು ಬೇಕಾಗಿದೆ ಎಂದಷ್ಟೇ ಹೇಳಿ ಕೂರಬೇಕು. ಕೊನೆಗೆ ಪ್ರತಿಯೊಬ್ಬನೂ ದೇವರೆಂದರೆ ಪ್ರೀತಿ ಎಂಬ ಅರ್ಥದ ಮಾತನ್ನು ತನ್ನ ಭಾಷೆಯಲ್ಲೇ ಆಡಬೇಕು.

ಮೂರು ನಿಮಿಷ ಎಂದರೆ ಎಷ್ಟು ಕಡಿಮೆ ಎಂಬುದು ಚರ್ಚಾಸ್ಪರ್ಧೆಯಲ್ಲಿ ನಿಂತ ವಿದ್ಯಾರ್ಥಿಗಳಿಗೆ ಗೊತ್ತು. ಪೀಠಿಕೆಗೇ ಅಷ್ಟು ಸಾಲದು. ಬಹುಶಃ ಅದೇ ಒಳ್ಳೆಯದಾಯಿತು. ಅಲಂಕಾರಕ್ಕೆ ಜಾಗವಿಲ್ಲದೆ ವಿಷಯ ಮಾತ್ರ ಉಳಿಯಿತು. ಒಬ್ಬ ಆರ್ಮೇನಿಯಾದವನು, ಒಬ್ಬ ಜಪಾನಿನವನು, ಜರ್ಮನಿ, ಡೆನ್ಮಾರ್ಕ್, ನಾರ್ವೆಗಳ ಒಬ್ಬೊಬ್ಬರು, ಸಯಾಮಿನ ಬೂನ್ ಇಟ್ ಎಂಬ ಹುಡುಗ, ಅಮೆರಿಕದ ಮೂಲನಿವಾಸಿಗಳಲ್ಲಿ ಒಬ್ಬ. ಹತ್ತೂ ಮಂದಿ ಆಡಿ ಕೂತಾಗ ಚಪ್ಪಾಳೆಯಿಲ್ಲ, ಗದ್ದಲವಿಲ್ಲ. ಹುಡುಗರು ಸದ್ದಿಲ್ಲದೆ ಎದ್ದು ಹೊರಗೆ ನಡೆದರು. ಎಷ್ಟೋ ಮಂದಿ ಕೋಣೆಗೆ ಹೋಗಲೇ ಇಲ್ಲ. ಮರಗಳ ತೋಪಿನಲ್ಲಿ ಒಬ್ಬೊಬ್ಬರೇ ಕೂತು ರಾತ್ರಿ ಬಹಳ ಹೊತ್ತಿನವರೆಗೆ ಪ್ರಾರ್ಥಿಸುತ್ತಿದ್ದರು. ಅಲ್ಲಿದ್ದವರು ಮುದುಕರಾದ ಮೇಲೂ ಆ ರಾತ್ರಿಯನ್ನು ನೆನೆಯುತ್ತಿದ್ದರು.

ಅವರು ಕತ್ತಲಲ್ಲಿ ಕೂತು ಯೋಚಿಸಿದ್ದು ಸಣ್ಣ ಸಂಗತಿಯಲ್ಲ. ನ್ಯೂಯಾರ್ಕಿನಿಂದ ಬೊಂಬಾಯಿಗೆ ಸೂಯೆಜ್ ಕಾಲುವೆಯ ಮೂಲಕ ಬಂದರೂ ಒಂದು ತಿಂಗಳಿಗೆ ಕಡಿಮೆಯಿಲ್ಲ. ಹೋದವರು ಮನೆಯವರ ಮುಖವನ್ನು ಮತ್ತೆ ನೋಡಲು ಏಳೆಂಟು ವರ್ಷ. ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಕಾಗದ ಬರೆದ ಕಾರಣವೇ ಮುಗಿದುಹೋಗಿರುತ್ತಿತ್ತು. ಇನ್ನು ರೋಗಗಳ ವಿಷಯ. ಕಾಲರಾ ರೋಗಾಣುವನ್ನು ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಗುರುತಿಸಿ ಆಗಿನ್ನೂ ಎರಡೇ ವರ್ಷವಾಗಿತ್ತು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಲೋಕಕ್ಕೆ ತಿಳಿದೇ ಇರಲಿಲ್ಲ. ಅದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರ ಆಗಸ್ಟ್ 20ರಂದು, ಅಂದರೆ ಈ ಶಿಬಿರವಾದ ಹನ್ನೊಂದು ವರ್ಷಕ್ಕೆ. ಈ ರಾಸ್ 1880ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ತಾಳಲಾರದೆ ಹುಡುಕಿ ನೋಡಿದರೆ, ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ತುಂಬಿದ್ದವಂತೆ. ತೊಟ್ಟಿ ಮಗುಚಿದ, ಸೊಳ್ಳೆ ಕಡಿಮೆಯಾದವು. ಆದರೆ ಜ್ವರಕ್ಕೂ ಸೊಳ್ಳೆಗೂ ಇರುವ ಸಂಬಂಧ ಆಗ ಅವನಿಗೇ ಹೊಳೆದಿರಲಿಲ್ಲ. ಅಂಥ ಕಾಲದಲ್ಲಿ ಇಪ್ಪತ್ತು ಇಪ್ಪತ್ತೆರಡರ ಹುಡುಗ ಉಷ್ಣವಲಯಕ್ಕೆ ಹೋಗುತ್ತೇನೆಂದು ಸಹಿ ಹಾಕುವುದೆಂದರೆ, ತಾಯಿ ಕಣ್ಣೀರು ಹಾಕಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಬೂನ್ ಇಟ್ ಓದು ಮುಗಿಸಿ 1893ರಲ್ಲಿ ತನ್ನ ಸ್ವಂತ ನಾಡಿಗೆ ಮರಳಿ ಕೆಲಸ ಮಾಡಿದ. 1903ರಲ್ಲಿ ಬ್ಯಾಂಕಾಕಿನಲ್ಲಿ ಕಾಲರಾ ಅವನನ್ನು ತೆಗೆದುಕೊಂಡು ಹೋಯಿತು. ಇನ್ನೂ ನಲವತ್ತು ದಾಟಿರಲಿಲ್ಲ.

ಹುಡುಗರ ಎದೆಗಾರಿಕೆಯನ್ನು ಒಪ್ಪಲೇಬೇಕು. ಒಪ್ಪಿದ ಮೇಲೆ ಆ ಹತ್ತು ಮಂದಿಯ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಮೇಲೆ ಹೆಸರಿಸಿದ್ದು ಏಳು. ಉಳಿದ ಮೂರು ದೇಶಗಳು ಚೀನಾ, ಪರ್ಷಿಯಾ ಮತ್ತು ಇಂಡಿಯಾ. ಆ ಮೂರರ ಪರವಾಗಿ ನಿಂತು ಮಾತಾಡಿದವರು ಅಲ್ಲಿನವರಲ್ಲ, ಅಲ್ಲಿ ಕೆಲಸ ಮಾಡಿದ ಅಮೆರಿಕದ ಮಿಷನರಿಗಳ ಮಕ್ಕಳು. ಇಂಡಿಯಾಕ್ಕೆ ಏನು ಬೇಕು ಎಂದು ಮೂರು ನಿಮಿಷದಲ್ಲಿ ಹೇಳಿದವನು ಇಂಡಿಯಾದವನಾಗಿರಲಿಲ್ಲ. ಅಮೆರಿಕದ ಮೂಲನಿವಾಸಿಯ ಕಥೆ ಇನ್ನೂ ವಿಚಿತ್ರ. ಆ ನೆಲ ಅವನ ಪೂರ್ವಜರದ್ದು, ಆದರೆ ಆ ಸಂಜೆ ಅವನೂ ಒಂದು "ಹೊರದೇಶ". ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಪಾಚೆಗಳ ನಾಯಕ ಜೆರೊನಿಮೋ ಅಮೆರಿಕದ ಸೈನ್ಯಕ್ಕೆ ಶರಣಾದ. ಚೀನಾದ ಕೂಲಿಗಳು ಅಮೆರಿಕದೊಳಕ್ಕೆ ಕಾಲಿಡಬಾರದೆಂದು ಕಾನೂನಾಗಿ ಆಗ ನಾಲ್ಕು ವರ್ಷವಾಗಿತ್ತು. ಚೀನೀಯರು ಇಲ್ಲಿಗೆ ಬರುವುದು ಬೇಡ, ನಾವು ಅಲ್ಲಿಗೆ ಹೋಗುತ್ತೇವೆ ಎಂಬಂತಿತ್ತು. ಇದನ್ನು ಹುಡುಗರ ತಪ್ಪೆನ್ನಲಾಗದು. ಕಾನೂನು ಮಾಡಿದವರು ಅವರ ಅಪ್ಪಂದಿರ ವಯಸ್ಸಿನವರು.

ಇಂಡಿಯಾದವರು ಯಾರೂ ಸಿಗಲಿಲ್ಲವೆ? ಆ ಬೇಸಿಗೆಯಲ್ಲಿ ಅಮೆರಿಕದಲ್ಲಿ ಇಬ್ಬರಿದ್ದರು, ಎಂಥ ಇಬ್ಬರು! ಒಬ್ಬರು ಆನಂದಿಬಾಯಿ ಜೋಶಿ. ಅದೇ 1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿ ಪಡೆದಿದ್ದರು. ಆಗ ಅವರಿಗೆ ಇಪ್ಪತ್ತೊಂದೂ ತುಂಬಿರಲಿಲ್ಲ. ಹೊರಡುವ ಮೊದಲು 1883ರಲ್ಲಿ ಸೆರಾಂಪುರದ ಕಾಲೇಜಿನಲ್ಲಿ ತುಂಬಿದ ಸಭೆಯ ಮುಂದೆ ನಿಂತು, ಹಿಂದುವಾಗಿಯೇ ಹೋಗುತ್ತೇನೆ, ಹಿಂದುವಾಗಿಯೇ ಮರಳುತ್ತೇನೆ ಎಂದು ಹೇಳಿಹೋಗಿದ್ದರು, ಹಾಗೆಯೇ ನಡೆದುಕೊಂಡರು. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಮಗು ಹತ್ತು ದಿನಕ್ಕೆ ತೀರಿಕೊಂಡದ್ದು ಅವರನ್ನು ವೈದ್ಯಶಾಸ್ತ್ರಕ್ಕೆ ತಂದಿತ್ತು. ಇಂಡಿಯಾಕ್ಕೆ ಏನು ಬೇಕೆಂದು ಕೇಳಿದ್ದರೆ ಹೆಂಗಸರಿಗೆ ಹೆಂಗಸು ಡಾಕ್ಟರು ಬೇಕು ಎಂದು ಮೂರು ನಿಮಿಷವೂ ತೆಗೆದುಕೊಳ್ಳದೆ ಹೇಳಿಬಿಡುತ್ತಿದ್ದರೇನೋ. ಇನ್ನೊಬ್ಬರು ಪಂಡಿತಾ ರಮಾಬಾಯಿ. ನಮ್ಮ ಕನ್ನಡನಾಡಿನ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿ, ಸಂಸ್ಕೃತದಲ್ಲಿ ಪಂಡಿತರ ಸಭೆಗಳನ್ನೇ ಬೆರಗುಗೊಳಿಸಿದವರು. ಆನಂದಿಬಾಯಿಯ ಪದವಿ ಸಮಾರಂಭ ನೋಡಲೆಂದೇ ಅಮೆರಿಕಕ್ಕೆ ಬಂದಿದ್ದರು. ಆ ಹೊತ್ತಿಗೆ ಅವರು ಕ್ರೈಸ್ತ ಮತವನ್ನೂ ಸ್ವೀಕರಿಸಿದ್ದರು. ಆದರೂ ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಜಾಯಮಾನ ಅವರದ್ದಲ್ಲ. ತಮಗೆ ದೀಕ್ಷೆ ಕೊಟ್ಟವರೊಡನೆಯೇ ವಾದ ಹೂಡಿದವರು. ಇಬ್ಬರೂ ಅಮೆರಿಕದಲ್ಲೇ ಇದ್ದರು. ಆದರೆ ಇಬ್ಬರೂ ಹೆಂಗಸರು. ಮೌಂಟ್ ಹರ್ಮನ್ನಿನ ಸಭೆಯಲ್ಲಿ ಹೆಂಗಸರಿಗೆ ಸ್ಥಳವಿರಲಿಲ್ಲ.

ಇಲ್ಲಿಯೇ ಇನ್ನೊಂದು ಕಾಕತಾಳೀಯ. ಆನಂದಿಬಾಯಿಗೆ ಕೆಲಸ ಕೊಟ್ಟದ್ದು ಯಾವ ಊರು ಎಂದರೆ ಅದೇ ಕೊಲ್ಹಾಪುರ. ಅಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಅವರನ್ನು ವೈದ್ಯರನ್ನಾಗಿ ಸಂಸ್ಥಾನ ನೇಮಿಸಿತ್ತು. ಕೊಲ್ಹಾಪುರದಲ್ಲಿ ಹುಟ್ಟಿದ ಹುಡುಗ ಅಮೆರಿಕದ ತೋಪಿನಲ್ಲಿ ಇಂಡಿಯಾಕ್ಕಾಗಿ ಸಹಿ ಕೂಡಿಸುತ್ತಿದ್ದ ಬೇಸಿಗೆಯಲ್ಲೇ, ಕೊಲ್ಹಾಪುರಕ್ಕೆ ಹೊರಡಬೇಕಾಗಿದ್ದ ಇಪ್ಪತ್ತೊಂದರ ಡಾಕ್ಟರು ಅದೇ ದೇಶದಲ್ಲಿ ಕಾಯಿಲೆಯಲ್ಲಿ ನರಳುತ್ತಿದ್ದರು. ವರ್ಷದ ಕೊನೆಗೆ ತಾಯ್ನಾಡಿಗೆ ಬಂದಿಳಿದರು. ಕೊಲ್ಹಾಪುರದ ಕೆಲಸಕ್ಕೆ ಸೇರುವ ಭಾಗ್ಯ ಬರಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡರು. ಅವರ ಚಿತಾಭಸ್ಮವನ್ನು ಅಮೆರಿಕದಲ್ಲಿ ಅವರನ್ನು ಮಗಳಂತೆ ನೋಡಿಕೊಂಡ ಕಾರ್ಪೆಂಟರ್ ಎಂಬ ಮಹಿಳೆಗೆ ಕಳಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ ಆ ಮನೆತನದ ಸಮಾಧಿಗಳ ನಡುವೆ ಅದು ಇದೆ.

ಮೌಂಟ್ ಹರ್ಮನ್ನಿನಲ್ಲಿ ಸಹಿಗಳು ಏರುತ್ತಲೇ ಹೋದವು. ಶಿಬಿರ ಮುಗಿಯುವ ಹೊತ್ತಿಗೆ ತೊಂಬತ್ತೊಂಬತ್ತು. ಕೊನೆಯ ಪ್ರಾರ್ಥನೆಗೆ ಅವರೆಲ್ಲ ಮಂಡಿಯೂರಿದ್ದಾಗ ಇನ್ನೊಬ್ಬ ಒಳಗೆ ಬಂದು ಅವರ ನಡುವೆ ಮಂಡಿಯೂರಿದನಂತೆ. ಅಲ್ಲಿಗೆ ಅಕ್ಕ ಹೇಳಿದ ನೂರು. ಸ್ವಲ್ಪ ಅತಿ ಚೊಕ್ಕಟವಾದ ಲೆಕ್ಕವೆನಿಸಿದರೂ ಅಲ್ಲಿದ್ದವರೆಲ್ಲ ಹೀಗೇ ಹೇಳಿದ್ದಾರೆ.

ಸಹಿ ಹಾಕಿದವರಲ್ಲಿ ಇಪ್ಪತ್ತೊಂದು ವರ್ಷದ ಜಾನ್ ಮಾಟ್ ಒಬ್ಬ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅಪ್ಪ ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನಲ್ಲಿ ಮರದ ವ್ಯಾಪಾರಿ, ಊರಿನ ಮೊದಲ ಮೇಯರ್. ನಾಲ್ಕು ಮಕ್ಕಳಲ್ಲಿ ಇವನೊಬ್ಬನೇ ಗಂಡು. ವಕೀಲಿಯೋ ಅಪ್ಪನ ಮರದ ವ್ಯಾಪಾರವೋ ಎಂದು ಯೋಚಿಸುತ್ತಿದ್ದ ಹುಡುಗನ ದಿಕ್ಕು ಆ ವರ್ಷದ ಆರಂಭದಲ್ಲೇ ಕದಲಿತ್ತು. ಕದಲಿಸಿದವನು ಒಬ್ಬ ಕ್ರಿಕೆಟ್ ಆಟಗಾರ! ಕೇಂಬ್ರಿಜ್‌ನ ನಾಯಕನಾಗಿದ್ದ ಜೆ. ಇ. ಕೆ. ಸ್ಟಡ್ ಕಾರ್ನೆಲ್ಲಿಗೆ ಬಂದು ಭಾಷಣ ಮಾಡಿದ್ದ. ಅವನ ತಮ್ಮ ಸಿ. ಟಿ. ಸ್ಟಡ್‌ನನ್ನು ಕ್ರಿಕೆಟ್ ಇತಿಹಾಸ ಓದುವವರು ಬಲ್ಲರು. 1882ರಲ್ಲಿ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯಾ ಏಳು ರನ್ನಿನಿಂದ ಗೆದ್ದು "ಆಶಸ್" ಎಂಬ ಹೆಸರಿಗೆ ಕಾರಣವಾದ ಪಂದ್ಯದಲ್ಲಿ, ಒಂದೂ ಚೆಂಡನ್ನು ಎದುರಿಸದೆ ಇನ್ನೊಂದು ತುದಿಯಲ್ಲಿ ಉಳಿದುಹೋದವನು ಇವನೇ. ಮೂರು ವರ್ಷಕ್ಕೆ ಬ್ಯಾಟು ಕೆಳಗಿಟ್ಟು ಚೀನಾಕ್ಕೆ ಹೋದ, ಪಿತ್ರಾರ್ಜಿತ ಆಸ್ತಿಯನ್ನು ದಾನ ಮಾಡಿದ, 1900ರಿಂದ ಆರು ವರ್ಷ ನಮ್ಮ ಪಕ್ಕದ ಊಟಿಯ ಚರ್ಚಿನಲ್ಲಿ ಪಾದ್ರಿಯಾಗಿದ್ದ. ಅಂತೂ ಅಯೋವಾದ ಮರದ ವ್ಯಾಪಾರಿಗೆ ಒಬ್ಬನೇ ಮಗನ ಮೇಲಿದ್ದ ಆಸೆ ಹೋಯಿತು. "ಯಾರು ತಲೆ ಕೆಡಿಸಿದವರು" ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರ ಹೇಳುವುದು ಕಷ್ಟವಾಗುತ್ತಿರಲಿಲ್ಲ.

ಇಲ್ಲಿ ಪ್ರತಿಜ್ಞೆಯ ಒಕ್ಕಣೆಯ ಬಗ್ಗೆ ಒಂದು ಮಾತು. ಹುಡುಗರು ಸಹಿ ಹಾಕಿದ ಮೊದಲ ಒಕ್ಕಣೆಯ ಸಾರಾಂಶ, ದೇವರ ಅಪ್ಪಣೆಯಾದರೆ ಮಿಷನರಿಯಾಗಲು ಸಿದ್ಧ, ಅದಕ್ಕೆ ಮನಸ್ಸೂ ಇದೆ ಎಂದು. ಕೆಲವು ವರ್ಷಗಳಲ್ಲೇ ಹಿರಿಯರಿಗೆ ಅದು ಸಡಿಲವೆನಿಸಿತು. 1892ರಲ್ಲಿ, ದೇವರ ಅಪ್ಪಣೆಯಾದರೆ ಮಿಷನರಿಯಾಗುವುದೇ ನನ್ನ ಉದ್ದೇಶ ಎಂದು ಬದಲಾಯಿಸಿದರು. ಮನಸ್ಸಿದೆ ಎನ್ನುವುದಕ್ಕೂ ಇದೇ ಉದ್ದೇಶ ಎನ್ನುವುದಕ್ಕೂ ಇರುವ ಅಂತರ, ಪರೀಕ್ಷೆಗೆ ಓದಬೇಕೆಂದಿದ್ದೇನೆ ಎನ್ನುವುದಕ್ಕೂ ಪುಸ್ತಕ ತೆರೆದು ಕೂರುವುದಕ್ಕೂ ಇರುವಷ್ಟೇ. ಆದರೆ ಎರಡು ಒಕ್ಕಣೆಗಳಲ್ಲೂ ದೇವರ ಅಪ್ಪಣೆ ಎಂಬ ಬಾಗಿಲು ತೆರೆದೇ ಇತ್ತು. ಆರೋಗ್ಯ, ಮನೆಯ ಸಾಲ, ವಯಸ್ಸಾದ ತಾಯಿ, ನಿಶ್ಚಿತಾರ್ಥವಾದ ಹುಡುಗಿ, ಎಲ್ಲವೂ ಆ ಬಾಗಿಲಿನಿಂದ ಒಳಗೆ ಬಂದವು. ಶಿಬಿರದ ಎರಡು ವರ್ಷಕ್ಕೆ ಹುಟ್ಟಿದ "ಸ್ಟೂಡೆಂಟ್ ವಾಲಂಟಿಯರ್ ಮೂವ್‌ಮೆಂಟ್" ಮುಂದಿನ ದಶಕಗಳಲ್ಲಿ ಸುಮಾರು ಇಪ್ಪತ್ತು ಸಾವಿರ ಮಂದಿಯನ್ನು ಹಡಗು ಹತ್ತಿಸಿತೆಂದು ಲೆಕ್ಕ. ಸಹಿ ಹಾಕಿಯೂ ಹಡಗು ಹತ್ತದವರು ಅದರ ಎಷ್ಟೋ ಪಾಲು.

ಮಾಟ್ ಕೂಡ ಯಾವ ದೇಶದಲ್ಲೂ ಮಿಷನರಿಯಾಗಿ ನೆಲೆಸಲಿಲ್ಲ. ಆ ಚಳವಳಿಯನ್ನು ನಡೆಸುತ್ತ, ವಿದ್ಯಾರ್ಥಿಗಳನ್ನು 1895ರಲ್ಲಿ ಜಾಗತಿಕ ಒಕ್ಕೂಟವೊಂದಕ್ಕೆ ಸೇರಿಸುತ್ತ, ವೈ.ಎಂ.ಸಿ.ಎ. ಕೆಲಸಕ್ಕೆ ಲೋಕವನ್ನೆಲ್ಲ ಸುತ್ತುತ್ತ ಆಯುಷ್ಯ ಕಳೆದರು. 1946ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದಕ್ಕಿಂತ ಸ್ವಾರಸ್ಯದ ಸಂಗತಿ ಅದಕ್ಕೆ ಹತ್ತು ವರ್ಷ ಮೊದಲಿನದು. 1936ರಲ್ಲಿ ಮಾಟ್ ವಾರ್ಧಾ ಬಳಿಯ ಸೇಗಾಂವಿಗೆ ಹೋಗಿ ಗಾಂಧೀಜಿಯವರೊಡನೆ ಕೂತು ಮಾತಾಡಿದರು. ಆ ಸಂಭಾಷಣೆ "ಹರಿಜನ" ಪತ್ರಿಕೆಯಲ್ಲಿ ಬಂದಿದೆ. ಮಿಷನ್‌ಗಳು ಹರಿಜನರನ್ನು ಮತಕ್ಕೆ ಸೇರಿಸಿಕೊಳ್ಳಲು ಪೈಪೋಟಿಗಿಳಿಯುವುದು ತಮಗೆ ನೋವು ತಂದಿದೆ ಎಂದು ಗಾಂಧೀಜಿ ಸ್ಪಷ್ಟವಾಗಿಯೇ ಹೇಳಿದರು. ಸೇವೆ ಮಾಡಿ, ಬೇಡವೆನ್ನುವುದಿಲ್ಲ. ಸೇವೆಯನ್ನು ಗಾಳವಾಗಿ ಹಿಡಿಯಬೇಡಿ ಎಂಬುದು ಅವರ ನಿಲುವು. ಮೌಂಟ್ ಹರ್ಮನ್ನಿನಲ್ಲಿ ಇಂಡಿಯಾಕ್ಕೆ ಏನು ಬೇಕು ಎಂದು ಬೇರೆಯವರ ಬಾಯಿಂದ ಕೇಳಿದ್ದ ಹುಡುಗ, ಐವತ್ತು ವರ್ಷದ ಮೇಲೆ, ಎಪ್ಪತ್ತೊಂದರ ಮುದುಕನಾಗಿ, ಇಂಡಿಯಾದವರ ಬಾಯಿಂದಲೇ ಅದನ್ನು ಕೇಳಿದಂತಾಯಿತು. ಇಬ್ಬರೂ ತಂತಮ್ಮ ಮಾತು ಬಿಡಲಿಲ್ಲ. ಆದರೂ ಎರಡು ವರ್ಷಕ್ಕೆ ಮಾಟ್ ಮತ್ತೆ ಹೋಗಿ ಅವರನ್ನು ಕಂಡರು.

ಗಾಳದ ಮಾತು ಬಂದಾಗ ನದಿಯಾಚೆಯ ಹೆಣ್ಣುಮಕ್ಕಳ ಶಾಲೆಯನ್ನೂ ನೆನೆಯಬೇಕು. ಶಿಬಿರ ನಡೆದ ವರ್ಷಗಳ ಆಸುಪಾಸಿನಲ್ಲೇ ಅಲ್ಲಿ ಐಡಾ ಸ್ಕಡರ್ ಎಂಬ ಹುಡುಗಿ ಓದುತ್ತಿದ್ದಳು. 1870ರಲ್ಲಿ ತಮಿಳುನಾಡಿನ ರಾಣಿಪೇಟೆಯಲ್ಲಿ ಹುಟ್ಟಿದವಳು, ಮೂರು ತಲೆಮಾರಿನ ಮಿಷನರಿ ಮನೆತನ. ಅವಳು ಯಾವ ಪ್ರತಿಜ್ಞೆಯನ್ನಾದರೂ ಮಾಡಿದ್ದರೆ ಅದು ತಾನು ಎಂದೂ ಮಿಷನರಿಯಾಗಲಾರೆ ಎಂಬುದು. ತಾಯಿಗೆ ಕಾಯಿಲೆಯೆಂದು ಸ್ವಲ್ಪ ದಿನದ ಮಟ್ಟಿಗೆ ತಿಂಡಿವನಕ್ಕೆ ಬಂದಳು. ಒಂದು ರಾತ್ರಿ ಮೂರು ಮನೆಯ ಗಂಡಸರು ಒಬ್ಬರ ಹಿಂದೊಬ್ಬರು ಬಂದು ಬಾಗಿಲು ತಟ್ಟಿದರು. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬನ್ನಿ ಎಂದರು. ನಾನು ಡಾಕ್ಟರಲ್ಲ, ನನ್ನ ಅಪ್ಪ ಡಾಕ್ಟರು, ಅವರನ್ನು ಕರೆದೊಯ್ಯಿರಿ ಎಂದಳು. ಪರಗಂಡಸು ಬರುವಂತಿಲ್ಲವೆಂದು ಮೂವರೂ ಹಿಂತಿರುಗಿದರು. ಬೆಳಗಾಗುವಷ್ಟರಲ್ಲಿ ಮೂರು ಹೆಂಗಸರೂ ಸತ್ತಿದ್ದರು. ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ವೈದ್ಯಕೀಯ ಪದವಿ ಪಡೆದು ಮರಳಿದರು. 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ದವಾಖಾನೆ ತೆರೆದರು. 1918ರಲ್ಲಿ ಹುಡುಗಿಯರಿಗೆ ವೈದ್ಯಕೀಯ ಶಾಲೆ. ಇವತ್ತು ಕೋಲಾರ, ಚಿತ್ತೂರು, ಬೆಂಗಳೂರುಗಳಿಂದ ರೋಗಿಗಳನ್ನು ಕರೆದುಕೊಂಡು ಹೋಗುವ "ವೆಲ್ಲೂರು ಆಸ್ಪತ್ರೆ" ಅದೇ. ಆ ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಂಡು ಬಂದವರು ನಮ್ಮ ಊರೂರಿನಲ್ಲೂ ಇದ್ದಾರೆ. ಮನೆಗೆ ಬಂದು ತಮ್ಮ ದೇವರಿಗೇ ಕಾಯಿ ಒಡೆದಿದ್ದಾರೆ.

ರಾಬರ್ಟ್ ವೈಲ್ಡರ್‌ನ ಮನೆಯಲ್ಲಿ ಏನಾಯಿತು? ಶಿಬಿರ ಮುಗಿದ ಮೇಲೆ ಈ ಮಾತನ್ನು ಕಾಲೇಜಿನಿಂದ ಕಾಲೇಜಿಗೆ ಒಯ್ಯಲು ನಾಲ್ವರನ್ನು ಆರಿಸಿದ್ದರು. ಮಾಟ್ ಸೇರಿ ಉಳಿದವರಿಗೆ ಓದು ಮುಗಿಸಬೇಕಿತ್ತು, ಅದೂ ಇದೂ ಅಡ್ಡಿ. ಹೊರಡಬಲ್ಲವನು ರಾಬರ್ಟ್ ಒಬ್ಬನೇ. ಆದರೆ ಪ್ರಿನ್ಸ್‌ಟನ್‌ನಲ್ಲಿ ಅಪ್ಪನಿಗೆ ಎಪ್ಪತ್ತಾಗಿತ್ತು, ದೇಹ ಜರ್ಜರಿತವಾಗಿತ್ತು. ಬಿಟ್ಟು ಹೋದರೆ ಮತ್ತೆ ಕಾಣುತ್ತೇನೋ ಇಲ್ಲವೋ ಎಂದು ಮಗ ಹಿಂದೆಗೆದ. ಅಪ್ಪ ಯೋಚಿಸಲು ಸಮಯ ಕೇಳಿದರು. ಆಮೇಲೆ ತಾವೇ ಕರೆದು, ಹೊರಡು ಎಂದರು. ಇಪ್ಪತ್ತೊಂದನೆಯ ಶತಮಾನದ ತಂದೆ ತಾಯಂದಿರಿಗೂ ಈ ಕ್ಷಣ ಅಪರಿಚಿತವೇನಲ್ಲ. ರಾಬರ್ಟ್ ಲಾಹೋರಿನ ಮಿಷನರಿ ಮನೆತನದ ಜಾನ್ ಫೋರ್ಮನ್ ಎಂಬ ಗೆಳೆಯನೊಂದಿಗೆ ಆ ವರ್ಷವೆಲ್ಲ ಕಾಲೇಜುಗಳನ್ನು ಸುತ್ತಿ ಎರಡು ಸಾವಿರಕ್ಕೂ ಹೆಚ್ಚು ಸಹಿ ತಂದ. ಈ ಸಲದ ಪಟ್ಟಿಯಲ್ಲಿ ಹುಡುಗಿಯರ ಹೆಸರುಗಳೂ ನೂರುಗಟ್ಟಲೆ ಇದ್ದವು. ಅವನು ತಿರುಗಿ ಬರುವವರೆಗೆ ಅಪ್ಪ ಇದ್ದರು. 1887ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಎರಡು ಸಾವಿರ ಮಂದಿಯನ್ನು ಎಬ್ಬಿಸಿದ ರಾಬರ್ಟ್ ತಾನು ಮಾತ್ರ ಕೂಡಲೇ ಹೊರಡಲಾಗಲಿಲ್ಲ. ದೇವಶಾಸ್ತ್ರದ ಓದು, ಚಳವಳಿಯ ತಿರುಗಾಟ, ಆರೋಗ್ಯದ ತೊಂದರೆ. ಇಂಡಿಯಾಕ್ಕೆ ಬಂದದ್ದು 1892ರಲ್ಲಿ. ಇಲ್ಲಿ ಪುಣೆ ಮೊದಲಾದ ಕಡೆ ಕಾಲೇಜು ಹುಡುಗರ ನಡುವೆ ಕೆಲಸ ಮಾಡಿ, ಮೈ ಸಹಕರಿಸದೆ ಹತ್ತು ವರ್ಷದಲ್ಲಿ ಬಿಟ್ಟುಹೋಗಬೇಕಾಯಿತು. ಅಷ್ಟರಲ್ಲಿ ಗ್ರೇಸ್ ಬಂದು ವರ್ಷಗಳೇ ಆಗಿದ್ದವು. ಅಪ್ಪ ಹೋದ ಮೇಲೆ ಅವಳು ವಯಸ್ಸಾದ ತಾಯಿಯನ್ನು ಕರೆದುಕೊಂಡು, ತಮ್ಮನಿಗಾಗಿ ಕಾಯದೆ, ಹಡಗು ಹತ್ತಿದ್ದಳು. ಮೌಂಟ್ ಹರ್ಮನ್ನಿನ ನೂರರ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಕೊಲ್ಹಾಪುರದಿಂದ ಉತ್ತರಕ್ಕೆ, ಆಗ ಇಸ್ಲಾಂಪುರ ಎನ್ನುತ್ತಿದ್ದ ಊರಿನಲ್ಲಿ ತಾಯಿ ಮಗಳು ಮನೆ ಮಾಡಿ, ಸುತ್ತಲಿನ ಹಳ್ಳಿಗಳ ಹೆಂಗಸರ ನಡುವೆ ಕೆಲಸಕ್ಕೆ ತೊಡಗಿದರು.